ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಮೂತ್ರ ಸೋರಿಕೆ ಮತ್ತು ಅದಕ್ಕೊಂದು ವ್ಯಾಯಾಮ

ಅಡಿಕೆಯ ಹಿಡಿಮುಂಡಿಗೆ, ಕಾಫಿಯ ಕಾಂಡಕೊರಕದ ವಿಚಾರ ಬರುವ ಈ ಪುಟದಲ್ಲಿ ಇಂಥ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಅರವತ್ತು ದಾಟಿದ ಬೆಳೆಗಾರರಿಗೆ ಇದು ದೂರದ ಮಾತಲ್ಲ. ಪಂಚೆ ಒದ್ದೆಯಾದೀತೆಂಬ ಅಂಜಿಕೆಯಿಂದ ಹೊಳಲ್ಕೆರೆ, ಹೊಸದುರ್ಗದ ಸಂತೆಗೂ, ನೆಂಟರ ಮದುವೆಗೂ ಹೋಗದೆ, ಮನೆಯಾಕೆಗೂ ಹೇಳದೆ ಕೊರಗುವುದು ಬೇಡವೆಂದು ಬರೆಯುತ್ತಿದ್ದೇವೆ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದ ಗ್ರಂಥಿ. ಮೂತ್ರವನ್ನು ತಡೆದು ನಿಲ್ಲಿಸಲು ತೋಟದ ಪೈಪಿನ ವಾಲ್ವುಗಳಂತೆ ಎರಡು ಬಿಗಿತಗಳಿವೆ; ಒಂದು ಗ್ರಂಥಿಯ ಮೇಲೆ, ಇನ್ನೊಂದು ಕೆಳಗೆ. ಶಸ್ತ್ರಚಿಕಿತ್ಸೆಯಲ್ಲಿ ಮೇಲಿನದು ಕೆಡುತ್ತದೆ. ಕೆಲಸವೆಲ್ಲ ಕೆಳಗಿನದರ ಮೇಲೆ ಬೀಳುತ್ತದೆ. ಕ್ಯಾನ್ಸರ್ ಎಂದು ಗ್ರಂಥಿಯನ್ನೇ ತೆಗೆದವರಿಗೆ ಸೋರಿಕೆ ಹೆಚ್ಚು. ಊದಿದ ಗ್ರಂಥಿಯನ್ನು ಮೂತ್ರನಾಳದ ಮೂಲಕ ಕೆರೆದು ತೆಗೆದವರಿಗೆ ಸಾಮಾನ್ಯವಾಗಿ ಕಡಿಮೆ. ಬಹುಮಂದಿಗೆ ಕೆಲವು ತಿಂಗಳಲ್ಲಿ, ಕೆಲವರಿಗೆ ಒಂದು ವರ್ಷದೊಳಗೆ ಹತೋಟಿಗೆ ಬರುತ್ತದೆ.

ಕೆಳಗಿನ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬಾಣಂತಿಯರಿಗಾಗಿ ಪ್ರಕಟಿಸಿದರು. ಗಂಡಸರಿಗೂ ಅದೇ. ನಾಲ್ಕು ಜನರ ನಡುವೆ ಹೂಸು ತಡೆಯುವಾಗ ಯಾವುದನ್ನು ಬಿಗಿಹಿಡಿಯುತ್ತೇವೆಯೋ ಅದೇ ಸ್ನಾಯು. ಸರಿಯಾಗಿ ಬಿಗಿದರೆ ಶಿಶ್ನದ ಬುಡ ಒಳಕ್ಕೆ ಸರಿದು, ವೃಷಣ ತುಸು ಮೇಲೇಳುತ್ತದೆ. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು, ಉಸಿರು ಕಟ್ಟಬಾರದು. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ಮಲಗಿ, ಮಂಡಿ ಮಡಚಿ ಕಲಿಯಿರಿ. ಎಣಿಸುತ್ತ ಮೂರು ಸೆಕೆಂಡು ಬಿಗಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. ದಿನ ಕಳೆದಂತೆ ಹತ್ತು ಸೆಕೆಂಡಿಗೆ ಏರಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಕೂತು, ನಿಂತು ಮಾಡಿ. ಕೆಮ್ಮು, ಸೀನು ಬರುವಾಗ, ಕುರ್ಚಿಯಿಂದ ಏಳುವಾಗ ಮುಂಚೆಯೇ ಬಿಗಿಯುವ ರೂಢಿ ಮಾಡಿಕೊಂಡರೆ ಸೋರಿಕೆ ಕಡಿಮೆಯಾಗುತ್ತದೆ. ಮೂತ್ರ ಹೊಯ್ಯುವಾಗ ತಡೆತಡೆದು ಅಭ್ಯಾಸ ಮಾಡುವುದು ಮಾತ್ರ ಬೇಡ. ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತರೆ ಒಳ್ಳೆಯದು. ನಂತರವಾದರೆ ಮೂತ್ರದ ಟ್ಯೂಬು ತೆಗೆದ ಮೇಲೆಯೇ ಆರಂಭಿಸಿ.

ಸೋರುತ್ತದೆಂದು ನೀರು ಕುಡಿಯುವುದನ್ನು ಬಿಡಬೇಡಿ. ಹಿರಿಯೂರಿನ ಬಿಸಿಲಿಗೆ ಅದು ಅಪಾಯ, ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆಣಕುತ್ತದೆ. ಕಾಫಿ ಬೆಳೆಗಾರರ ಪತ್ರಿಕೆ ಹೇಳಬಾರದ ಮಾತಾದರೂ ಹೇಳುತ್ತೇವೆ: ಕೆಲವು ಕಾಲ ಕಾಫಿ, ಟೀ ಕಡಿಮೆ ಮಾಡಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಅಡಿಕೆ ಮೂಟೆ ಎತ್ತುವುದು, ದೋಟಿ ಹಿಡಿಯುವುದು ವೈದ್ಯರು ಒಪ್ಪುವವರೆಗೆ ಬೇಡ.

ಬಿಗಿತ ಸರಿಯಿದೆಯೇ ಎಂದು ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯ ಫಿಸಿಯೋಥೆರಪಿಸ್ಟರಿಗೆ ಒಮ್ಮೆಯಾದರೂ ತೋರಿಸಿ. ದೂರವಾದರೆ ಚಿತ್ರದುರ್ಗದಲ್ಲೇ ವಿಚಾರಿಸಿ. ವರ್ಷ ಕಳೆದರೂ ಸೋರಿದರೆ ಮೂತ್ರರೋಗ ತಜ್ಞರಲ್ಲಿ ಬೇರೆ ಶಸ್ತ್ರಚಿಕಿತ್ಸೆಗಳೂ ಇವೆ. ಜ್ವರ, ರಕ್ತದ ಹೆಪ್ಪು ಕಂಡರೆ ಅಥವಾ ಮೂತ್ರ ಪೂರ್ತಿ ಕಟ್ಟಿದರೆ ವ್ಯಾಯಾಮ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.