ತುರಿಕೆ ನಿಂತರೆ ಬೇನೆ ನಿಂತಂತಲ್ಲ

ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ದುಡಿಯುವವರ, ಮಸ್ಕಿ, ಲಿಂಗಸುಗೂರಿನ ಕಡೆ ರಾಶಿ ಮಾಡುವವರ ಮನೆಯ ಮಕ್ಕಳು ನೀವು. ಬಿಸಿಲು, ಧೂಳು, ಉಮಿ ನಿಮಗೆ ಹೊಸದಲ್ಲ. ಅದಕ್ಕೇ ಕಣ್ಣು ಕೆಂಪಾದರೆ ‘ಧೂಳಿಗೆ ಆಗೇದ’ ಅಂತ ಉಜ್ಜಿಕೊಂಡು ಸುಮ್ಮನಾಗುತ್ತೀರಿ. ತಡೆಯಲಾಗದಿದ್ದಾಗ ಮೆಡಿಕಲ್‌ನಿಂದ ಹನಿ ಔಷಧಿ ತಂದು ಬಿಡುತ್ತೀರಿ. ತುರಿಕೆ ನಿಲ್ಲುತ್ತದೆ. ನನಗೆ ಭಯ ಅದರದ್ದೇ.

ತಮ್ಮಾ, ಆ ತುರಿಕೆ ಕಣ್ಣಿನ ಅಲರ್ಜಿಯದ್ದಿರಬಹುದು. ಅಲರ್ಜಿ ಎಷ್ಟು ಜೋರಿದೆ ಅನ್ನುವುದನ್ನು ತುರಿಕೆಯೊಂದರಿಂದಲೇ ಅಳೆಯಲಾಗದು. ಕಣ್ಣೀರಿನಲ್ಲಿ ಅದರ ಗುರುತುಗಳಿರುತ್ತವೆ. ಒಂದು ಕಣ್ಣಲ್ಲಿ ಯಾವಾಗಲೂ ಇರುವುದು ಸುಮಾರು 7 ಮೈಕ್ರೊಲೀಟರ್ ನೀರು, ಒಂದು ಹನಿಗಿಂತ ಎಷ್ಟೋ ಕಡಿಮೆ. 5 ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯ ತುದಿ ಮಡಚಿ, ಕೆಳರೆಪ್ಪೆಯೊಳಗೆ ಸಿಕ್ಕಿಸಿ ಅದನ್ನು ಹೀರಿಸುತ್ತಾರೆ. ಸ್ವಲ್ಪ ಕಿರಿಕಿರಿ, ಅಷ್ಟೆ. ಆ ನೀರಿನಲ್ಲಿ ಅಲರ್ಜಿಯ ಐಜಿಇ ಪ್ರತಿಕಾಯ, ಇಯೊಸಿನೊಫಿಲ್ ಎಂಬ ಬಿಳಿರಕ್ತಕಣ ಹೊರಬಿಟ್ಟ ಪ್ರೋಟೀನು, ಎಂಎಂಪಿ-9 ಎಂಬ ಕಿಣ್ವ ಎಷ್ಟೆಷ್ಟಿವೆ ಎಂದು ನೋಡುತ್ತಾರೆ. ಎಂಎಂಪಿ-9 ಒಣಗಣ್ಣಿನವರಲ್ಲೂ ಏರುತ್ತದೆ. ಒಂದೇ ಅಂಕಿ ಹಿಡಿದು ತೀರ್ಮಾನ ಮಾಡುವಂತಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಕಣ್ಣೀರಿನ ಇಂಥ ಗುರುತುಗಳ ಮೇಲೆ ಕೆಲಸ ಮಾಡಿದ್ದಾರೆ.

ಈ ಕಣ್ಣೀರಿನ ಪರೀಕ್ಷೆ ಇನ್ನೂ ಎಲ್ಲ ಕಡೆ ನಡೆಯುವ ದಿನನಿತ್ಯದ ತಪಾಸಣೆಯಲ್ಲ. ಅದಕ್ಕಾಗಿ ಕಾಯಲೂ ಬೇಕಿಲ್ಲ. ಕಣ್ಣಿನ ಡಾಕ್ಟರು ಮೇಲ್ರೆಪ್ಪೆ ಮಗುಚಿದರೆ, ಬೇನೆ ಬಲಿತವರಲ್ಲಿ ಕಲ್ಲುಹಾಸಿನಂತೆ ಎದ್ದ ಗುಳ್ಳೆಗಳು ಕಾಣುತ್ತವೆ. ಬಿಸಿ, ಒಣ ಹವೆಯ ಸೀಮೆಯಲ್ಲಿ ಇಂಥ ಅಲರ್ಜಿ ಬೇನೆ ಹೆಚ್ಚು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳನ್ನು ಜಾಸ್ತಿ ಕಾಡುತ್ತದೆ, ಸಾಮಾನ್ಯವಾಗಿ 10 ವರ್ಷದೊಳಗೇ ಶುರುವಾಗುತ್ತದೆ. ಪಿಸುರು ನೂಲಿನಂತೆ ಎಳೆಎಳೆಯಾಗಿ ಬರುತ್ತದೆ, ಬೆಳಕು ನೋಡಲಾಗುವುದಿಲ್ಲ. ತಮ್ಮನೋ ಅಣ್ಣನ ಮಗನೋ ಹೀಗೆ ಕಣ್ಣು ಕಿವುಚುತ್ತಾ ಕೂತಿದ್ದರೆ ಅವನ ಕೈ ಹಿಡಿಯಿರಿ, ತಣ್ಣೀರ ಬಟ್ಟೆ ಇಡಿ. ಸತತವಾಗಿ ಉಜ್ಜಿದರೆ ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬಿ, ನೋಟ ಕದಡುವ ಅಪಾಯವಿದೆ.

ಇನ್ನು ಆ ಹನಿ ಔಷಧಿ. ಅದರಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ತುರಿಕೆ ಬೇಗ ಇಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ನೋವಿಲ್ಲದೆ ಏರಿ ಕಣ್ಣಿನ ನರ ಸಾಯುತ್ತದೆ, ಪೊರೆಯೂ ಬರಬಹುದು. ಪೊರೆ ತೆಗೆಯಬಹುದು, ಸತ್ತ ನರ ತಿರುಗಿ ಬಾರದು. ಸ್ಟೀರಾಯ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಡಾಕ್ಟರು ಬರೆದುಕೊಟ್ಟಷ್ಟು ದಿನ ಬೇಕೇ ಬೇಕಾಗುತ್ತದೆ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು ಬೇಡ.

ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ, ಕಣ್ಣಿನೊಳಗಿನ ಒತ್ತಡ ಅಳೆಯಿರಿ ಎಂದು ಬಾಯಿಬಿಟ್ಟು ಕೇಳಿ. ಹೋಗುವಾಗ ಇಲ್ಲಿಯವರೆಗೆ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾದವನ್ನೂ, ಜೊತೆಗೆ ಒಯ್ಯಿರಿ.