ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ?

ಸೊರಬ ತಾಲೂಕಿನ ಉಳವಿಯಂತಹ ಊರುಗಳಲ್ಲಿ ಹಿರಿಯರ ಆರೈಕೆ ಇಂದಿಗೂ ಹೆಚ್ಚಾಗಿ ಮನೆಯಲ್ಲೇ ನಡೆಯುತ್ತದೆ. ಆದರೆ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮನೆಗಳಲ್ಲಿ ವೃದ್ಧಾಶ್ರಮದ ಮಾತು ಬಂದೇ ಬರುತ್ತದೆ. ನೋಡಲು ಹೋದವರು ಕೋಣೆ, ಊಟ, ನಮಾಝಿಗೆ ಜಾಗ ಇವನ್ನೆಲ್ಲ ವಿಚಾರಿಸುತ್ತಾರೆ. "ಮೂವರು ನರ್ಸ್ ಇದ್ದಾರೆ" ಎಂದರೆ ಸಮಾಧಾನವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ದುಡಿದರೆ, ಹಗಲು ರಾತ್ರಿ ಒಬ್ಬರಾದರೂ ಇರಬೇಕೆಂದರೆ ಮೂವರೂವರೆ ಜನ ಬೇಕು. ರಜೆ, ಜ್ವರ, ಹೆರಿಗೆ ಸೇರಿಸಿದರೆ ನಾಲ್ವರಿಗಿಂತ ಕಡಿಮೆಯಾಗದು, ಐವರಾದರೆ ನೆಮ್ಮದಿ. ಮೂವರೇ ಇರುವಲ್ಲಿ ಒಂದೋ ಅವರಿಗೆ ವಾರದ ರಜೆ ಇರುವುದಿಲ್ಲ, ಇಲ್ಲವೇ ಕೆಲವು ರಾತ್ರಿ ನರ್ಸೇ ಇರುವುದಿಲ್ಲ.

ಆಯಾಗಳ ಲೆಕ್ಕ ಬೇರೆ. ಅದನ್ನು ಹಾಸಿಗೆಗಳ ಸಂಖ್ಯೆಯಿಂದಲ್ಲ, ಎದ್ದು ನಡೆಯಲಾರದವರ ಸಂಖ್ಯೆಯಿಂದ ಹಾಕಬೇಕು. ಹಾಸಿಗೆ ಹಿಡಿದವರ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ಅಂಥವರು ಐವರಿದ್ದಾರೆ ಎನ್ನಿ. ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಒಬ್ಬೊಬ್ಬರಿಗೆ ಆರು ಸಲ, ಒಟ್ಟು 30 ಸಲ. ಬಟ್ಟೆ ಒದ್ದೆಯಾಗಿದೆಯೇ ನೋಡಿ, ಒರೆಸಿ, ಮಲಗಿಸಲು ಹತ್ತು ನಿಮಿಷವೆಂದರೂ ಐದು ಗಂಟೆಯ ಕೆಲಸ. ಅದಕ್ಕೂ ಇಬ್ಬರು ಬೇಕು. ಒಬ್ಬರೇ ಆದರೆ ಎತ್ತುವ ಬದಲು ಎಳೆಯುತ್ತಾರೆ, ತೆಳುವಾದ ಚರ್ಮ ಅಲ್ಲೇ ಕಿತ್ತುಬರುತ್ತದೆ. ಬೆನ್ನಿನ ಕೆಳಭಾಗ, ಸೊಂಟದ ಬದಿ, ಹಿಮ್ಮಡಿಗಳಲ್ಲಿ ಒತ್ತಿದರೂ ಮಾಸದ ಕೆಂಪು ಕಂಡರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಇರಬಹುದು, ಬಿಸಿ ಅಥವಾ ಗಡಸುತನ ಕೈಗೆ ತಿಳಿಯುತ್ತದೆ. ಅಲ್ಲಿ ಉಜ್ಜಬಾರದು.

ಇನ್ನೊಂದು ಕಷ್ಟದ ಹೊತ್ತು ಫಜ್ರ್. ಹಿರಿಯರೆಲ್ಲ ಒಮ್ಮೆಗೇ ಏಳುತ್ತಾರೆ, ವುಝೂ ಮಾಡಿದ ನೀರು ನೆಲದ ಮೇಲಿರುತ್ತದೆ, ರಾತ್ರಿ ಪಾಳಿಯವರು ದಣಿದಿರುತ್ತಾರೆ. ಜಾರಿ ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ಎಂಟಕ್ಕೆ ಬರುವ ಒಬ್ಬರನ್ನು ಐದಕ್ಕೇ ಕರೆಸಿಕೊಂಡರೆ ಹೊಸ ನೇಮಕವಿಲ್ಲದೆ ಇದು ಸರಿಹೋಗುತ್ತದೆ. ಬಸ್ಸಿಲ್ಲದ ಆ ಹೊತ್ತಿಗೆ ಬರಲು ಅವರ ಮನೆ ಹತ್ತಿರವಿರಬೇಕು, ಅಷ್ಟೆ.

ರಮಝಾನಿನಲ್ಲಿ ಎಲ್ಲರೂ ಒಟ್ಟಿಗೆ ಇಫ್ತಾರಿಗೆ ಕೂತರೆ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಮತ್ತು ಊಟದ ಹೊತ್ತು ತಪ್ಪುತ್ತದೆ. ಖರ್ಜೂರ, ನೀರು ಎಲ್ಲರಿಗೂ ಆಗಲಿ, ಊಟಕ್ಕೆ ಮಾತ್ರ ಸರದಿ ಇರಲಿ. ನಮ್ಮ ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲವೂ ಹೀಗೆಯೇ. ಹೆಚ್ಚಿನ ಕೂಲಿ ಸಿಗುವಾಗ ಆಯಾಗಳು ಅತ್ತ ಹೋಗುವುದು ಸಹಜ, ಪಟ್ಟಿ ಬರೆಯುವವರು ಅದನ್ನು ಮೊದಲೇ ಎಣಿಸಿರಬೇಕು.

ಪಾಳಿ ಬದಲಾಗುವಾಗ ಕಾಲು ಗಂಟೆಯಾದರೂ ಹಳಬರು, ಹೊಸಬರು ಜೊತೆಗಿರಬೇಕು. ಯಾರು ಉಣ್ಣಲಿಲ್ಲ, ಯಾರಿಗೆ ಮೂತ್ರ ಹೋಗಿಲ್ಲ, ಯಾರಿಗೆ ಇನ್ಸುಲಿನ್ ಆಯಿತು ಎಂಬುದು ಬಾಯಿಮಾತಿನಲ್ಲಷ್ಟೇ ಅಲ್ಲ, ಪುಸ್ತಕದಲ್ಲೂ ಇರಬೇಕು. ಬರೆಯದೆ ಹೋದ ಇನ್ಸುಲಿನನ್ನು ಮುಂದಿನವರು ಮತ್ತೆ ಕೊಟ್ಟರೆ ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯ.

ಮನೆಯಲ್ಲೂ ಇದೇ ಲೆಕ್ಕ. ಹಗಲೆಲ್ಲ ಅಡುಗೆಮನೆಯಲ್ಲಿ ದುಡಿದ ಸೊಸೆಯೇ ರಾತ್ರಿಯೂ ಅತ್ತೆಯ ಮಗ್ಗುಲು ಬದಲಿಸಬೇಕೆಂದರೆ ಎಷ್ಟು ದಿನ ನಡೆದೀತು? ಗಂಡುಮಕ್ಕಳ ಹೆಸರೂ ಪಟ್ಟಿಯಲ್ಲಿರಲಿ. ಆಶ್ರಮಕ್ಕೆ ಹೋಗುವವರು ಕಳೆದ ವಾರದ ಡ್ಯೂಟಿ ಪಟ್ಟಿಯನ್ನು ಕೇಳಿ ನೋಡಿ, ಅದರಲ್ಲಿ ಶನಿವಾರ ರಾತ್ರಿಯ ಸಾಲನ್ನು ಮೊದಲು ಓದಿ.