ಬಣ್ಣದ ಮಾರ್ಕರುಗಳಿಗೆ ರಟ್ಟಿನ ಗೂಡು

ಬರೆಯುವ ಸಾಧನಗಳನ್ನು ಜೋಪಾನವಾಗಿ ಇರಿಸುವ ಪದ್ಧತಿ ದಖ್ಖನಿನ ಜನತೆಗೆ ಹೊಸದಲ್ಲ. ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರಗಳ ಮಿಶ್ರಲೋಹದಿಂದ ಎರಕ ಹೊಯ್ದು, ಬೆಳ್ಳಿಯ ಕುಸುರಿ ಕೂರಿಸಿ ಕಲಮದಾನಿಗಳನ್ನು ನಿರ್ಮಿಸುತ್ತಿದ್ದರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಬಿದರಿ ಕಲೆಯ ಸಂಗ್ರಹವನ್ನು ಕಾಣಬಹುದು. ಲೇಖನಿಗೂ ಮಸಿಗೂ ಗೊತ್ತಾದ ಸ್ಥಳವಿರಬೇಕು, ಅದಕ್ಕೆ ಮುಚ್ಚಳವೂ ಇರಬೇಕು ಎಂಬುದು ಆ ಪೆಟ್ಟಿಗೆಗಳ ಹಿಂದಿನ ವಿವೇಕ. ಇಂದಿನ ಮಕ್ಕಳ ಕೈಯಲ್ಲಿ ಬೊರುವಿನ ಲೇಖನಿಯ ಬದಲು ಸ್ಕೆಚ್ ಪೆನ್ನುಗಳೂ ಮಾರ್ಕರುಗಳೂ ಇವೆ. ಜಪಾನಿನ ಯೂಕಿಯೋ ಹೋರಿಯೆ 1962ರಲ್ಲಿ ನಾರಿನ ಮೊನೆಯುಳ್ಳ ಪೆನ್ನನ್ನು ರೂಪಿಸಿದಂದಿನಿಂದ ಈ ಬಗೆಯ ಪೆನ್ನುಗಳು ಜಗತ್ತಿನೆಲ್ಲೆಡೆ ಹರಡಿವೆ. ಪೆನ್ನು ಬದಲಾದರೂ ಹಳೆಯ ವಿವೇಕ ಬದಲಾಗಬೇಕಾಗಿಲ್ಲ.

ಕುಷಾಯಿಗೂಡದಂತಹ ಬಡಾವಣೆಯಲ್ಲಿ ಈ ಮಾತಿಗೆ ಹೆಚ್ಚಿನ ಮಹತ್ವವಿದೆ. 1967ರಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಕಾರ್ಖಾನೆ ಮತ್ತು ನೆರೆಯ ಚೆರ್ಲಪಲ್ಲಿಯ ಕೈಗಾರಿಕಾ ಪ್ರದೇಶ ಇವುಗಳ ಆಸುಪಾಸಿನಲ್ಲಿ ಉದ್ಯೋಗ ನಿಮಿತ್ತ ಬಂದು ನೆಲೆಸಿದ ಕುಟುಂಬಗಳು ಅನೇಕ. ಎರಡು ಕೋಣೆಗಳ ಬಾಡಿಗೆಯ ಮನೆಯಲ್ಲಿ ಹಿರಿಯ ಮಗಳು ಚಿತ್ರ ಬಿಡಿಸುವ ಸ್ಥಳವೇ ತೆವಳುವ ಕೂಸಿನ ಆಟದ ಸ್ಥಳ. ರಾತ್ರಿ ಅದೇ ಎಲ್ಲರ ಮಲಗುವ ಸ್ಥಳ. ಆದ್ದರಿಂದ ಮಾರ್ಕರುಗಳನ್ನು ಎಲ್ಲಿ, ಹೇಗೆ ಇರಿಸಬೇಕೆಂಬುದು ಕೇವಲ ಅಂದಚೆಂದದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆಯೂ ಹೌದು.

ಮಾರ್ಕರಿನ ಸ್ವರೂಪ

ಮಾರ್ಕರಿನ ಒಡಲಿನಲ್ಲಿ ಮಸಿಯನ್ನು ಹೀರಿಕೊಂಡ ನಾರಿನ ಸುರುಳಿ ಇರುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ ಮೊನೆಯು ಈ ಮಸಿಯನ್ನು ಸೆಳೆಯುತ್ತದೆ. ಮಸಿಯಲ್ಲಿ ಬಣ್ಣವನ್ನು ಕರಗಿಸಿರುವ ದ್ರವವು ಕೆಲವು ಪೆನ್ನುಗಳಲ್ಲಿ ನೀರು, ಕೆಲವುಗಳಲ್ಲಿ ಮದ್ಯಸಾರ. ಅಳಿಸಲಾಗದ ಕೆಲವು ಮಾರ್ಕರುಗಳಲ್ಲಿ ಜೈಲೀನ್ ಎಂಬ ತೀಕ್ಷ್ಣ ದ್ರಾವಕ. ನೀರು 100 ಡಿಗ್ರಿಯಲ್ಲಿ ಕುದಿದರೆ ಮದ್ಯಸಾರ 78 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮುಚ್ಚಳ ಸಡಿಲವಾದರೆ ಬೇಗನೆ ಆವಿಯಾಗಿ ಪೆನ್ನು ಒಣಗುತ್ತದೆ. ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಮೇ ತಿಂಗಳಿನ ಹೈದರಾಬಾದಿನಲ್ಲಿ ಬಿಸಿಲು 40 ಡಿಗ್ರಿಯನ್ನು ಮುಟ್ಟುವಾಗ ಈ ಎರಡು ದೋಷಗಳೂ ಹೆಚ್ಚುತ್ತವೆ. ಮುಚ್ಚಿದ ಕೋಣೆಯಲ್ಲಿ ಇಂತಹ ಆವಿಯನ್ನು ಬಹಳ ಹೊತ್ತು ಸೇವಿಸಿದರೆ ತಲೆನೋವು, ತಲೆಸುತ್ತು, ಕಣ್ಣುರಿ ಉಂಟಾಗುತ್ತವೆ. ಉಬ್ಬಸದವರಿಗೆ ಬಾಧೆ ಅಧಿಕ. ಮಕ್ಕಳಿಗೆ ನೀರಿನ ಮಸಿಯ ಪೆನ್ನುಗಳೇ ಯೋಗ್ಯ.

ಮುಚ್ಚಳವು ಇನ್ನೊಂದು ಅಪಾಯಕ್ಕೆ ಕಾರಣ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಮುಚ್ಚಳ ಗಂಟಲಿನಲ್ಲಿ ಸಿಕ್ಕಿದರೆ ಉಸಿರೇ ನಿಲ್ಲಬಹುದು. ಮಕ್ಕಳ ಪೆನ್ನಿನ ಮುಚ್ಚಳವು ನುಂಗಲಾಗದಷ್ಟು ದೊಡ್ಡದಾಗಿರಬೇಕು, ಇಲ್ಲವೇ ಗಾಳಿ ಹಾಯಲು ಎಡೆಯುಳ್ಳದ್ದಾಗಿರಬೇಕು ಎಂಬುದು ಐ.ಎಸ್.ಓ. 11540 ಎಂಬ ಅಂತರರಾಷ್ಟ್ರೀಯ ಮಾನಕದ ಸಾರ. ಆದರೂ ರಂಧ್ರವುಳ್ಳ ಮುಚ್ಚಳವೆಂದು ನಿಶ್ಚಿಂತರಾಗಲಾಗದು. ಒಂದು ಪೆನ್ನು ಕಾಣೆಯಾದರೂ ನೋಡಿದೊಡನೆ ತಿಳಿಯುವಂತಹ ಗೂಡೇ ಉತ್ತಮ ಗೂಡು.

ಸಾಮಗ್ರಿ ಮತ್ತು ರಚನೆ

ಬೇಕಾದ ಸಾಮಗ್ರಿ: ಗಟ್ಟಿಯಾದ ರಟ್ಟಿನ ಪೆಟ್ಟಿಗೆ, ಹಳೆಯ ಕ್ಯಾಲೆಂಡರಿನ ಹಾಳೆಗಳು, 2 ಸೆಂಟಿಮೀಟರ್ ದಪ್ಪದ ದುಂಡನೆಯ ಕೋಲು, ಸ್ಕೇಲು, ಕತ್ತರಿ, ದಾರ, ಮೈದಾ ಅಂಟು. ಅಂಟಿನ ಹೊರತು ಉಳಿದದ್ದಕ್ಕೆ ಪ್ರಾಯಶಃ ಖರ್ಚೇ ಇಲ್ಲ.

1. ಎರಡು ದೊಡ್ಡ ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ಕುದಿಯುವ ನೀರಿಗೆ ಸುರಿದು, ತಿರುವುತ್ತ ಅಂಬಲಿಯಂತಾಗುವವರೆಗೆ ಬೇಯಿಸಿ ಆರಿಸಬೇಕು. ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯನ್ನು ಇಲ್ಲಿ ಬಿಡತಕ್ಕದ್ದು, ಅದು ವಿಷ.

2. ಹಾಳೆಯನ್ನು 12 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೋಲಿನ ಮೇಲೆ ಬಿಗಿಯಾಗಿ ಸುತ್ತಿ, ಕೊನೆಯನ್ನು ಅಂಟಿಸಿ, ಕೋಲನ್ನು ಜಾರಿಸಿ ತೆಗೆಯಬೇಕು. ಸುಮಾರು ಐದು ಸುತ್ತಿನ ಗಟ್ಟಿ ಕೊಳವೆ ಸಿದ್ಧವಾಗುತ್ತದೆ. ಇಂತಹ 24 ಕೊಳವೆಗಳನ್ನು ಮಾಡಬೇಕು.

3. ಕೊಳವೆಗಳನ್ನು ಆರಾರರಂತೆ ನಾಲ್ಕು ಸಾಲುಗಳಲ್ಲಿ ಪೇರಿಸಿ, ಒಂದಕ್ಕೊಂದು ಅಂಟಿಸಿ, ದಾರದಿಂದ ಕಟ್ಟಬೇಕು. ಅಗಲ ಸುಮಾರು 13, ಎತ್ತರ 9 ಸೆಂಟಿಮೀಟರ್ ಆಗುತ್ತದೆ. ಈ ಅಳತೆಗೆ ರಟ್ಟಿನ ಕವಚ ಕತ್ತರಿಸಿ, ಮುಂಬದಿ ತೆರೆದಿಟ್ಟು, ಹಿಂಬದಿಯನ್ನು ಮುಚ್ಚಬೇಕು.

4. ಎರಡು ದಿನ ನೆರಳಿನಲ್ಲಿ, ಗಾಳಿಯಾಡುವಂತೆ ಒಣಗಿಸಬೇಕು. ಹಸಿಯಾಗಿ ಬಳಕೆಗೆ ತಂದರೆ ಬೂಷ್ಟು ಹಿಡಿದು ಕೆಮ್ಮಿಗೆ ಕಾರಣವಾದೀತು.

5. ಪ್ರತಿ ಕೊಳವೆಯ ಬಾಯಿಗೆ ಆಯಾ ಪೆನ್ನಿನ ಬಣ್ಣದ ಗುರುತು ಹಚ್ಚಬೇಕು.

ಸಾಮಾನ್ಯವಾಗಿ 15 ಸೆಂಟಿಮೀಟರ್ ಉದ್ದದ ಮಾರ್ಕರು ಹೊರಕ್ಕೆ ಸುಮಾರು 3 ಸೆಂಟಿಮೀಟರ್ ಚಾಚಿರುವುದರಿಂದ ತೆಗೆಯಲು ಅನುಕೂಲ. ಪೆನ್ನುಗಳು ಅಡ್ಡಲಾಗಿ ಮಲಗಿರುವುದರಿಂದ ಎರಡು ಮೊನೆಯ ಮಾರ್ಕರುಗಳಲ್ಲಿ ಮಸಿ ಒಂದೇ ತುದಿಗೆ ಇಳಿಯುವುದಿಲ್ಲ.

ವರ್ಜ್ಯ ವಸ್ತುಗಳು

ಅಗ್ಗವೆಂದು ಗುಜರಿ ಅಂಗಡಿಯಿಂದ ಡಬ್ಬಗಳನ್ನು ತರುವಾಗ ವಿವೇಚನೆ ಅಗತ್ಯ. ಪೇಂಟು, ಕೀಟನಾಶಕ, ಆಮ್ಲ ಮುಂತಾದವನ್ನು ತುಂಬಿದ್ದ ಡಬ್ಬವನ್ನು ಎಷ್ಟು ತೊಳೆದರೂ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಕೈಗಾರಿಕಾ ಪ್ರದೇಶದ ಸಮೀಪದಲ್ಲಿ ಇಂತಹ ಖಾಲಿ ಡಬ್ಬಗಳು ಸುಲಭವಾಗಿ ದೊರೆಯುವುದರಿಂದ ಈ ಎಚ್ಚರಿಕೆ. ತುಕ್ಕು ಹಿಡಿದ ತಗಡಿನ ಅಂಚು ಕೈ ಕುಯ್ಯುತ್ತದೆ. ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ಕೇಳಬೇಕು. ಪಿ.ವಿ.ಸಿ. ಕೊಳವೆಯ ತುಂಡುಗಳನ್ನು ಗರಗಸದಿಂದ ಕುಯ್ದು, ಅಂಚನ್ನು ಉಜ್ಜಿ ಬಳಸಬಹುದು. ಆದರೆ ಕಾಯಿಸಿದ ಕಬ್ಬಿಣದಿಂದ ಅದನ್ನು ಸುಟ್ಟು ತೂತು ಮಾಡಲೇ ಬಾರದು. ಆಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶಕ್ಕೆ ಹಾನಿಕರ.

ಇರಿಸುವ ಸ್ಥಳ

ಗೂಡನ್ನು ಒಲೆ, ದೇವರ ದೀಪ, ಬಿಸಿಲು ಬೀಳುವ ಕಿಟಕಿ ಇವುಗಳಿಂದ ದೂರವಾಗಿ, ಕೂಸಿನ ಕೈಗೆಟುಕದ, ಆದರೆ ಹಿರಿಯರ ಕಣ್ಣಿಗೆ ಕಾಣುವ ಎತ್ತರದಲ್ಲಿ ಇರಿಸಬೇಕು. ಮಲಗುವವರ ತಲೆಯ ಬಳಿ ಬೇಡ. ಸಂಜೆ ಪಾಠ ಮುಗಿದೊಡನೆ ಮಕ್ಕಳೇ ಪೆನ್ನುಗಳನ್ನು ಎಣಿಸಿ ಇಡಲಿ. ಒಂದು ಕೊಳವೆ ಖಾಲಿಯಿದ್ದರೆ, ಇಲ್ಲವೇ ಒಂದು ಮುಚ್ಚಳ ಕಾಣದಿದ್ದರೆ, ಅದು ದೊರೆಯುವವರೆಗೆ ಕೂಸನ್ನು ನೆಲಕ್ಕೆ ಬಿಡಬಾರದು.

ಅಪಘಾತವಾದಾಗ

ಮುಚ್ಚಳ ಗಂಟಲಿಗೆ ಸಿಕ್ಕ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಉಸಿರು, ಅಳು, ಧ್ವನಿ ಯಾವುದೂ ಹೊರಡದಿದ್ದರೆ ಒಬ್ಬರು 108ಕ್ಕೆ ದೂರವಾಣಿ ಮಾಡಬೇಕು, ಇನ್ನೊಬ್ಬರು ತಡಮಾಡದೆ ಶುಶ್ರೂಷೆಗೆ ತೊಡಗಬೇಕು. ವರ್ಷ ತುಂಬದ ಕೂಸನ್ನು ತಲೆ ತಗ್ಗಿರುವಂತೆ ಮುಂಗೈಯ ಮೇಲೆ ಬೋರಲಾಗಿ ಹಿಡಿದು, ಹೆಗಲ ಮೂಳೆಗಳ ನಡುವೆ 5 ಬಾರಿ ಗುದ್ದಿ, ಬಳಿಕ ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು 5 ಬಾರಿ ಒತ್ತಬೇಕು. ಅದಕ್ಕಿಂತ ದೊಡ್ಡ ಮಗುವಿಗೆ ಬೆನ್ನಿಗೆ 5 ಗುದ್ದುಗಳ ಅನಂತರ, ಹಿಂದಿನಿಂದ ತಬ್ಬಿ ಹೊಕ್ಕುಳಿನ ತುಸು ಮೇಲೆ ಮುಷ್ಟಿಯನ್ನಿಟ್ಟು ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡತಕ್ಕದ್ದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಿದರೆ ಅದು ಇನ್ನಷ್ಟು ಒಳಸರಿಯುವ ಭಯವುಂಟು. ಮಸಿ ಕಣ್ಣಿಗೆ ಸಿಡಿದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಒಯ್ಯಬೇಕು.

ರಜೆಯ ಒಂದು ಮಧ್ಯಾಹ್ನ ಈ ಗೂಡಿನ ನಿರ್ಮಾಣಕ್ಕೆ ಸಾಕು. ಹಿರಿಯ ಮಕ್ಕಳಿಗೆ ಅದು ಕೈಕೆಲಸದ ಪಾಠ, ತೊಟ್ಟಿಲ ಕೂಸಿಗೆ ಅದು ರಕ್ಷೆ.